ಪಿಟ್ಯುಟರಿ ಗ್ರಂಥಿಯ ಕಾಂಟ್ರಾಸ್ಟ್ ಎಂಆರ್‌ಐ: ಸ್ಕ್ಯಾನಿನ ವೇಗ ಹೆಚ್ಚಿಸುವ ಬಗೆ

ಕಾಂಟ್ರಾಸ್ಟ್ ಔಷಧವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿದ ಮೇಲೆ ಪಿಟ್ಯುಟರಿ ಗ್ರಂಥಿಯೊಳಗಿನ ಸಣ್ಣ ಗಡ್ಡೆಯನ್ನು ಗುರುತಿಸಲು ಸಿಗುವ ಅವಕಾಶ ಸುಮಾರು ಒಂದೂವರೆ ನಿಮಿಷದ್ದು. ಗ್ರಂಥಿಯ ತೂಕ ಅರ್ಧ ಗ್ರಾಮಿನಷ್ಟು, ಗಾತ್ರ ಕಡಲೆಕಾಳಿನಷ್ಟು. ತಲೆಬುರುಡೆಯ ತಳದಲ್ಲಿ ಸೆಲ್ಲಾ ಟರ್ಸಿಕಾ ಎಂಬ ಎಲುಬಿನ ಕುಳಿಯಲ್ಲಿ ಅದು ಕೂತಿರುತ್ತದೆ. ಎರಡೂ ಪಕ್ಕದಲ್ಲಿ ಕೆರೋಟಿಡ್ ರಕ್ತನಾಳಗಳು ಮಿಡಿಯುತ್ತಿರುತ್ತವೆ, ಕೆಳಗೆ ಸ್ಫೀನಾಯ್ಡ್ ಸೈನಸ್ಸಿನ ಗಾಳಿ ತುಂಬಿರುತ್ತದೆ, ಮೇಲ್ಭಾಗದಲ್ಲಿ ಎರಡು ದೃಷ್ಟಿನರಗಳು ಕೂಡುವ ಜಾಗವಿರುತ್ತದೆ. 10 ಮಿ.ಮೀ.ಗಿಂತ ಚಿಕ್ಕದಾದ ಗಡ್ಡೆಯನ್ನು ಮೈಕ್ರೋಅಡಿನೋಮಾ ಎನ್ನುತ್ತಾರೆ. ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆಗೆ ಕಾರಣವಾಗುವ ಗಡ್ಡೆಗಳಂತೂ ಎಷ್ಟೋ ಸಲ ಕೆಲವೇ ಮಿಲಿಮೀಟರಿನಷ್ಟಿರುತ್ತವೆ.

ಈ ಒಂದೂವರೆ ನಿಮಿಷದ ಲೆಕ್ಕ ಬರುವುದು ರಕ್ತ ಹರಿಯುವ ರೀತಿಯಿಂದ. ಮಿದುಳಿನ ಉಳಿದ ಭಾಗಕ್ಕೆ ಇರುವ ರಕ್ತ-ಮಿದುಳು ತಡೆಗೋಡೆ ಪಿಟ್ಯುಟರಿ ಗ್ರಂಥಿಗೆ ಇಲ್ಲದ ಕಾರಣ ಕಾಂಟ್ರಾಸ್ಟ್ ಔಷಧದಲ್ಲಿರುವ ಗ್ಯಾಡೋಲಿನಿಯಂ ಅದರೊಳಗೆ ಬೇಗನೆ ಇಳಿಯುತ್ತದೆ. ಮೊದಲು ಗ್ರಂಥಿಯ ತೊಟ್ಟು ಮತ್ತು ಹಿಂಭಾಗ ಬೆಳ್ಳಗಾಗುತ್ತವೆ, ಬಳಿಕ ಮುಂಭಾಗವು ನಡುವಿನಿಂದ ಅಂಚಿನ ಕಡೆಗೆ ಬೆಳಗುತ್ತಾ ಹೋಗುತ್ತದೆ. ಮೈಕ್ರೋಅಡಿನೋಮಾ ಔಷಧವನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಬೆಳಗಿದ ಗ್ರಂಥಿಯ ನಡುವೆ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಸ್ವಲ್ಪ ಹೊತ್ತಿನ ನಂತರ ಗಡ್ಡೆಯೂ ಬೆಳಗುತ್ತದೆ, ಗ್ರಂಥಿಯಿಂದ ಔಷಧ ಹೊರಗೆ ಹೋಗತೊಡಗುತ್ತದೆ, ಎರಡರ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಕೆಲವೊಮ್ಮೆ ತಿರುಗುಮುರುಗಾಗಿ ಗಡ್ಡೆಯೇ ಹೆಚ್ಚು ಬೆಳ್ಳಗೆ ಕಾಣುವುದೂ ಉಂಟು. ಹೀಗಾಗಿ ಮೂರು ನಿಮಿಷದ ಒಂದೇ ಸ್ಕ್ಯಾನ್ ಎಷ್ಟೇ ಸ್ಪಷ್ಟವಾಗಿದ್ದರೂ, 15 ಸೆಕೆಂಡಿಗೆ ಒಂದರಂತೆ ತೆಗೆದ ಚಿತ್ರಸರಣಿಯಲ್ಲಿ ಕಂಡದ್ದು ಅದರಲ್ಲಿ ಕಾಣದೆ ಹೋಗಬಹುದು. ಈ ಸರಣಿಯನ್ನೇ ಡೈನಾಮಿಕ್ ಸ್ಕ್ಯಾನ್ ಎನ್ನುವುದು.

ಇಲ್ಲಿ ವೇಗ ಎಂಬ ಮಾತಿಗೆ ಎರಡು ಅರ್ಥಗಳಿವೆ. ರೋಗಿ ಟೇಬಲ್ ಮೇಲೆ ಮಲಗಿರುವ ಒಟ್ಟು ಸಮಯವನ್ನು ಕಡಿಮೆ ಮಾಡುವುದು ಒಂದು. ಡೈನಾಮಿಕ್ ಸರಣಿಯ ಪ್ರತಿ ಹಂತವನ್ನು ಕಡಿಮೆ ಸೆಕೆಂಡುಗಳಲ್ಲಿ ಮುಗಿಸುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ವ್ಯವಸ್ಥೆಯ ಕೆಲಸ, ಎರಡನೆಯದು ಭೌತಶಾಸ್ತ್ರದ ಲೆಕ್ಕಾಚಾರ. ಎರಡನೆಯದರಲ್ಲಿ ಉಳಿಸಿದ ಪ್ರತಿ ಸೆಕೆಂಡಿಗೂ ಸಿಗ್ನಲ್ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ಯಾವ ಉಪಾಯಕ್ಕೆ ಎಷ್ಟು ಬೆಲೆ, ಆ ಬೆಲೆಯನ್ನು ಚಿತ್ರದ ಯಾವ ಭಾಗ ತೆರುತ್ತದೆ ಎಂದು ತಿಳಿದೇ ಮುಂದಿನ ಹೆಜ್ಜೆ ಇಡಬೇಕು.

ಟೇಬಲ್ ಮೇಲಿನ ಸಮಯ

ಯಂತ್ರದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮಾಡಬಹುದಾದ ಕೆಲಸಗಳಿವೆ. ಕ್ಯಾನುಲಾವನ್ನು ಸ್ಕ್ಯಾನ್ ಕೋಣೆಯ ಹೊರಗೇ ಹಾಕಿ, ಸಲೈನ್ ಹರಿಸಿ ನೋಡಿ, ಇಂಜೆಕ್ಟರಿನ ಟ್ಯೂಬನ್ನು ಸ್ಕ್ಯಾನ್ ಆರಂಭಕ್ಕೆ ಮುಂಚೆಯೇ ಜೋಡಿಸಿಡಬೇಕು. ನಡುವೆ ಟೇಬಲನ್ನು ಹೊರಗೆಳೆದು ಸೂಜಿ ಚುಚ್ಚಿದರೆ ಸಮಯ ಹೋಗುವುದರ ಜೊತೆಗೆ ತಲೆಯೂ ಅಲುಗಾಡುತ್ತದೆ, ಆಗ ಔಷಧ ಕೊಡುವ ಮೊದಲಿನ ಚಿತ್ರ ಮತ್ತು ನಂತರದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಕಷ್ಟವಾಗುತ್ತದೆ. ಮೂತ್ರಪಿಂಡದ ಸ್ಥಿತಿ, ಗರ್ಭಧಾರಣೆ, ಹಿಂದೆ ಕಾಂಟ್ರಾಸ್ಟ್ ಔಷಧಕ್ಕೆ ಆದ ಅಲರ್ಜಿ, ದೇಹದೊಳಗಿನ ಲೋಹದ ವಸ್ತುಗಳು ಇವುಗಳ ವಿಚಾರಣೆಯೂ ಹೊರಗೇ ಮುಗಿದಿರಬೇಕು.

ವೈದ್ಯರು ಕೇಳಿರುವ ಪ್ರಶ್ನೆಯನ್ನು ಓದದೆ ಎಲ್ಲರಿಗೂ ಒಂದೇ ಪ್ರೋಟೋಕಾಲ್ ನಡೆಸುವುದರಲ್ಲಿ ಬಹಳಷ್ಟು ಸಮಯ ಕಳೆದುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾರ್ಮೋನ್ ಸ್ರವಿಸದ ದೊಡ್ಡ ಗಡ್ಡೆ ಕಳೆದ ವರ್ಷಕ್ಕಿಂತ ಬೆಳೆದಿದೆಯೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಡೈನಾಮಿಕ್ ಸರಣಿಯಿಂದ ಹೆಚ್ಚಿನದೇನೂ ಸಿಗುವುದಿಲ್ಲ. ಪ್ರೊಲ್ಯಾಕ್ಟಿನ್ ಅಥವಾ ಕಾರ್ಟಿಸಾಲ್ ಏರಿದ್ದು ಗಡ್ಡೆ ಎಲ್ಲಿದೆ ಎಂದು ಹುಡುಕುತ್ತಿರುವಾಗ ಅದೇ ಸರಣಿ ಪರೀಕ್ಷೆಯ ಜೀವಾಳವಾಗುತ್ತದೆ. ಇಂಥ ಹುಡುಕಾಟಕ್ಕೆ ಮೊದಲು ಸ್ಯಾಜಿಟಲ್ (ಪಕ್ಕದಿಂದ ಕಂಡಂತೆ) ಟಿ1, ಕೊರೋನಲ್ (ಎದುರಿನಿಂದ ಕಂಡಂತೆ) ಟಿ1, ಕೊರೋನಲ್ ಟಿ2 (ಟಿ1, ಟಿ2 ಎಂದರೆ ಅಂಗಾಂಶಗಳ ವ್ಯತ್ಯಾಸ ತೋರಿಸುವ ಎರಡು ಬಗೆಯ ಚಿತ್ರಗಳು), ನಂತರ ಔಷಧದೊಂದಿಗೆ ಕೊರೋನಲ್ ಡೈನಾಮಿಕ್, ಕೊನೆಗೆ ತಡವಾದ ಕೊರೋನಲ್ ಮತ್ತು ಸ್ಯಾಜಿಟಲ್ ಟಿ1 ಇದ್ದರೆ ಬಹುಪಾಲು ಸಾಕಾಗುತ್ತದೆ. ಔಷಧಕ್ಕೆ ಮುಂಚಿನ ಟಿ1 ಚಿತ್ರವನ್ನು ಸಮಯ ಉಳಿಸುವ ನೆಪದಲ್ಲಿ ಎಂದಿಗೂ ಕೈಬಿಡಬಾರದು. ಗ್ರಂಥಿಯ ಹಿಂಭಾಗ, ಗಡ್ಡೆಯೊಳಗಿನ ರಕ್ತಸ್ರಾವ, ಶಸ್ತ್ರಚಿಕಿತ್ಸೆಯಲ್ಲಿ ತುಂಬಿದ ಕೊಬ್ಬು ಇವೆಲ್ಲ ಔಷಧವಿಲ್ಲದೆಯೇ ಟಿ1ನಲ್ಲಿ ಬೆಳ್ಳಗೆ ಕಾಣುತ್ತವೆ, ಮೊದಲಿನ ಚಿತ್ರವಿಲ್ಲದಿದ್ದರೆ ಔಷಧದಿಂದಾದ ಬೆಳಗು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ.

ತಲೆಯ ಎರಡೂ ಬದಿಗೆ ಮೆತ್ತೆಗಳನ್ನು ಬಿಗಿಯಾಗಿ ಇಡುವುದಕ್ಕೆ ಅರ್ಧ ನಿಮಿಷ ಸಾಕು. ಅಲುಗಾಡಿದ ಸೀಕ್ವೆನ್ಸನ್ನು (ಒಂದು ಬಗೆಯ ಚಿತ್ರ ತೆಗೆಯುವ ಸ್ಕ್ಯಾನನ್ನು) ಮತ್ತೆ ಮಾಡಲು ನಾಲ್ಕು ನಿಮಿಷ ಬೇಕು, ಡೈನಾಮಿಕ್ ಸರಣಿಯನ್ನಂತೂ ಅದೇ ದಿನ ಮತ್ತೆ ಮಾಡಲಾಗುವುದೇ ಇಲ್ಲ. ಔಷಧ ಹರಿಯುವಾಗ ತೋಳು ತಣ್ಣಗಾಗುತ್ತದೆ, ಯಂತ್ರದ ಸದ್ದು ಬದಲಾಗುತ್ತದೆ, ಆಗ ಬೆಚ್ಚಿ ತಲೆ ಎತ್ತಬಾರದು ಎಂದು ಮೊದಲೇ ಹೇಳಿಟ್ಟರೆ ರೋಗಿಯೂ ಧೈರ್ಯವಾಗಿರುತ್ತಾರೆ.

ಸೆಕೆಂಡುಗಳ ಲೆಕ್ಕ

ಎರಡು ಆಯಾಮದ ಟರ್ಬೊ ಸ್ಪಿನ್ ಎಕೋ ಡೈನಾಮಿಕ್‌ನಲ್ಲಿ ಒಂದು ಹಂತಕ್ಕೆ ಹಿಡಿಯುವ ಸಮಯವನ್ನು ಬೆರಳೆಣಿಕೆಯಲ್ಲೇ ತಿಳಿಯಬಹುದು: ಟಿಆರ್ ಅನ್ನು (ಒಂದೇ ಸ್ಲೈಸಿಗೆ, ಅಂದರೆ ಚಿತ್ರದ ತೆಳು ಹೋಳಿಗೆ, ಕೊಡುವ ಎರಡು ರೇಡಿಯೋ ತುಡಿತಗಳ ನಡುವಿನ ಸಮಯವನ್ನು) ಫೇಸ್ ದಿಕ್ಕಿನ (ಸಾಲು ಸಾಲಾಗಿ ಅಳೆಯುವ ದಿಕ್ಕಿನ) ಸಾಲುಗಳ ಸಂಖ್ಯೆಯಿಂದ ಗುಣಿಸಿ, ಆವರೇಜ್ ಸಂಖ್ಯೆಯಿಂದ (ಅದೇ ಅಳತೆಯನ್ನು ಎಷ್ಟು ಸಲ ಮಾಡುತ್ತೇವೆ ಎಂಬುದರಿಂದ) ಮತ್ತೆ ಗುಣಿಸಿ, ಎಕೋ ಟ್ರೈನ್ ಉದ್ದದಿಂದ (ಒಂದು ತುಡಿತದ ನಂತರ ಅಳೆಯುವ ಸಾಲುಗಳ ಸಂಖ್ಯೆಯಿಂದ) ಭಾಗಿಸಿದರಾಯಿತು. ಟಿಆರ್ 400 ಮಿಲಿಸೆಕೆಂಡ್, ಸಾಲುಗಳು 192, ಎಕೋ ಟ್ರೈನ್ 4, ಆವರೇಜ್ 1 ಎಂದಿಟ್ಟುಕೊಳ್ಳೋಣ. 192ನ್ನು 4ರಿಂದ ಭಾಗಿಸಿದರೆ 48, ಅದನ್ನು 0.4ರಿಂದ ಗುಣಿಸಿದರೆ 19.2 ಸೆಕೆಂಡ್. ಇದನ್ನು ಕಡಿಮೆ ಮಾಡಲು ನಾಲ್ಕು ಕಡೆ ಕೈಹಾಕಬಹುದು, ಆದರೆ ನಾಲ್ಕೂ ಒಂದೇ ಬೆಲೆಯವಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ಸ್ಲೈಸ್‌ಗಳ ಸಂಖ್ಯೆಯನ್ನು ಇಳಿಸುವುದು. ಒಂದು ಸ್ಲೈಸ್ ತನ್ನ ಎಕೋಗಳನ್ನು ಮುಗಿಸಲು ಸುಮಾರು 50 ಮಿಲಿಸೆಕೆಂಡ್ ತೆಗೆದುಕೊಂಡರೆ 400 ಮಿಲಿಸೆಕೆಂಡಿನ ಟಿಆರ್‌ನಲ್ಲಿ 8 ಸ್ಲೈಸ್‌ಗಳಿಗೆ ಜಾಗವಿರುತ್ತದೆ. ಗ್ರಂಥಿಯು ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ ಸುಮಾರು 10 ಮಿ.ಮೀ. ಇರುವುದರಿಂದ 2 ಮಿ.ಮೀ. ದಪ್ಪದ 6 ಸ್ಲೈಸ್‌ಗಳು ಅದನ್ನು ಪೂರ್ತಿ ಒಳಗೊಳ್ಳುತ್ತವೆ. ಸ್ಲೈಸ್‌ಗಳನ್ನು 6ಕ್ಕೆ ಇಳಿಸಿದರೆ ಟಿಆರ್ 300ಕ್ಕೆ ಇಳಿಯುತ್ತದೆ, ಒಂದು ಹಂತದ ಸಮಯ 14.4 ಸೆಕೆಂಡಿಗೆ ಬರುತ್ತದೆ. ಅದರ ಜೊತೆಗೆ ಟಿ1 ವ್ಯತ್ಯಾಸವೂ ಸ್ವಲ್ಪ ಹೆಚ್ಚುತ್ತದೆ. ಹೀಗೆ ಮಾಡಬೇಕಾದರೆ ಸ್ಯಾಜಿಟಲ್ ಚಿತ್ರವನ್ನು ತೆರೆಯ ಮೇಲೆ ದೊಡ್ಡದು ಮಾಡಿ, ಸೆಲ್ಲಾದ ತಳಕ್ಕೆ ಲಂಬವಾಗಿ ಸ್ಲೈಸ್‌ಗಳನ್ನು ಕೂರಿಸುವ ಎಚ್ಚರಿಕೆ ಬೇಕು. ಎಂಟು ಸ್ಲೈಸ್ ಇದ್ದಾಗ ನಡೆದುಹೋಗುತ್ತಿದ್ದ 2 ಮಿ.ಮೀ. ತಪ್ಪು ಈಗ ಗ್ರಂಥಿಯ ಒಂದು ಅಂಚನ್ನೇ ಬಿಟ್ಟುಬಿಡುತ್ತದೆ.

ಸಾಲುಗಳನ್ನು 192ರಿಂದ 160ಕ್ಕೆ ಇಳಿಸಿದರೆ ಸಮಯ ಆರನೇ ಒಂದರಷ್ಟು ಕಡಿಮೆಯಾಗುತ್ತದೆ, 160 ಮಿ.ಮೀ. ವ್ಯಾಪ್ತಿಯ ಚಿತ್ರದಲ್ಲಿ ಪ್ರತಿ ಬಿಂದುವಿನ ಅಳತೆ 0.83 ಮಿ.ಮೀ.ನಿಂದ 1 ಮಿ.ಮೀ.ಗೆ ಹಿಗ್ಗುತ್ತದೆ. 3 ಮಿ.ಮೀ. ಗಡ್ಡೆಯನ್ನು ಹುಡುಕುವಾಗ ಇದು ನಿಜವಾದ ನಷ್ಟ. ಯಂತ್ರವು ಇಂಟರ್ಪೋಲೇಷನ್ ಮಾಡಿ ಬಿಂದುಗಳನ್ನು ಮತ್ತೆ ಸಣ್ಣದಾಗಿ ತೋರಿಸಿದರೂ ಕಳೆದುಹೋದ ವಿವರ ಮರಳಿ ಬರುವುದಿಲ್ಲ. ಎಕೋ ಟ್ರೈನನ್ನು ಉದ್ದ ಮಾಡುವುದೂ ಹೀಗೆಯೇ ಆಕರ್ಷಕವಾಗಿ ಕಾಣುತ್ತದೆ, ಆದರೆ 5 ದಾಟಿದಂತೆ ಟಿ2 ಪ್ರಭಾವ ಬೆರೆತು ಟಿ1 ವ್ಯತ್ಯಾಸ ಮಂಕಾಗುತ್ತದೆ, ಅಂಚುಗಳು ಮಸುಕಾಗುತ್ತವೆ, ಒಂದೊಂದು ಸ್ಲೈಸಿಗೂ ಹೆಚ್ಚು ಹೊತ್ತು ಬೇಕಾಗಿ ಟಿಆರ್‌ನೊಳಗೆ ಸ್ಲೈಸ್‌ಗಳು ಹಿಡಿಸುವುದಿಲ್ಲ. ಬ್ಯಾಂಡ್‌ವಿಡ್ತ್, ಅಂದರೆ ಸಿಗ್ನಲ್ ಓದುವ ವೇಗ, ಹೆಚ್ಚಿಸಿದರೆ ಎಕೋಗಳ ನಡುವಿನ ಅಂತರ ಕಡಿಮೆಯಾಗಿ ಈ ತೊಂದರೆ ಸ್ವಲ್ಪ ಹಗುರವಾಗುತ್ತದೆ. ಬದಲಿಗೆ ನಾಯ್ಸ್ (ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಅಡ್ಡಿ) ಏರುತ್ತದೆ.

ಫೇಸ್ ದಿಕ್ಕನ್ನು ಎತ್ತ ಇಡಬೇಕು ಎಂಬುದೂ ವೇಗದ ಪ್ರಶ್ನೆಯೇ. ಕೊರೋನಲ್ ಚಿತ್ರದಲ್ಲಿ ಅದನ್ನು ಎಡ-ಬಲವಾಗಿ ಇಟ್ಟರೆ ಎರಡೂ ಕೆರೋಟಿಡ್‌ಗಳ ಮಿಡಿತದ ನೆರಳು ನೇರವಾಗಿ ಗ್ರಂಥಿಯ ಮೇಲೆ ಬೀಳುತ್ತದೆ. ತಲೆ-ಕಾಲು ದಿಕ್ಕಿಗೆ ತಿರುಗಿಸಿದರೆ ಗ್ರಂಥಿ ಉಳಿಯುತ್ತದೆ, ಆದರೆ ನೆತ್ತಿ ಮತ್ತು ಕತ್ತಿನ ಭಾಗಗಳು ಮಡಚಿಕೊಂಡು ಚಿತ್ರದೊಳಗೆ ಬರುತ್ತವೆ. ಅದನ್ನು ತಡೆಯಲು ಚಿತ್ರದ ಹೊರಗಿನ ಜಾಗವನ್ನೂ ಅಳೆಯುವ 50 ಶೇಕಡಾ ಫೇಸ್ ಓವರ್‌ಸ್ಯಾಂಪ್ಲಿಂಗ್ ಹಾಕಿದರೆ ಸಾಲುಗಳೂ ಅಷ್ಟೇ ಹೆಚ್ಚುತ್ತವೆ: 19.2 ಸೆಕೆಂಡಿನ ಸ್ಕ್ಯಾನ್ 28.8 ಆಗುತ್ತದೆ. ಮೇಲೆ ಮತ್ತು ಕೆಳಗೆ ಅಲ್ಲಿನ ಸಿಗ್ನಲನ್ನು ಅಡಗಿಸುವ ಸ್ಯಾಚುರೇಷನ್ ಬ್ಯಾಂಡ್ ಹಾಕಿ ಓವರ್‌ಸ್ಯಾಂಪ್ಲಿಂಗನ್ನು ಕಡಿಮೆ ಮಾಡಬಹುದು. ಬ್ಯಾಂಡಿಗೂ ಟಿಆರ್‌ನೊಳಗೆ ಸ್ವಲ್ಪ ಸಮಯ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ನಿಮ್ಮ ಯಂತ್ರದಲ್ಲಿ ಯಾವುದು ಲಾಭ ಎಂಬುದನ್ನು ಪರದೆಯ ಮೇಲಿನ ಸಮಯ ನೋಡಿಯೇ ತೀರ್ಮಾನಿಸಬೇಕು. ಡೈನಾಮಿಕ್‌ನಲ್ಲಿ ಕೊಬ್ಬಿನ ಸಿಗ್ನಲನ್ನು ಅಡಗಿಸುವ ಫ್ಯಾಟ್ ಸ್ಯಾಚುರೇಷನ್ ಮಾತ್ರ ಬೇಡ. ಅದು ಸಮಯ ತಿನ್ನುತ್ತದೆ, ಸೈನಸ್ಸಿನ ಗಾಳಿಯ ಪಕ್ಕದಲ್ಲಿ ಸಮನಾಗಿ ಕೆಲಸ ಮಾಡುವುದೂ ಇಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ಕೊನೆಯ ತಡವಾದ ಚಿತ್ರದಲ್ಲಿ ಅದನ್ನು ಬಳಸಿಕೊಂಡರೆ ಸಾಕು.

ಪ್ಯಾರಲಲ್ ಇಮೇಜಿಂಗ್ ಮತ್ತು ತಲೆಯ ನಡುಮಧ್ಯದ ತೊಡಕು

ಕೆಲವು ಸಾಲುಗಳನ್ನು ಅಳೆಯದೆ ಬಿಟ್ಟು, ಸಿಗ್ನಲ್ ಹಿಡಿಯಲು ತಲೆಯ ಸುತ್ತ ಇಡುವ ಕಾಯಿಲ್‌ನ ಬೇರೆ ಬೇರೆ ಅಂಶಗಳು ಬೇರೆ ಬೇರೆ ಜಾಗದಿಂದ ನೋಡಿದ ಸಿಗ್ನಲ್‌ಗಳ ಸಹಾಯದಿಂದ ಅವನ್ನು ತುಂಬಿಕೊಳ್ಳುವುದು ಪ್ಯಾರಲಲ್ ಇಮೇಜಿಂಗಿನ ತತ್ವ. 1999ರಲ್ಲಿ ಬಂದ ಸೆನ್ಸ್, 2002ರಲ್ಲಿ ಬಂದ ಗ್ರಾಪ್ಪ ಈ ಬಗೆಯ ಎರಡು ಮುಖ್ಯ ವಿಧಾನಗಳು. ವೇಗವರ್ಧನೆ 2 ಎಂದಿಟ್ಟರೆ ನಮ್ಮ 19.2 ಸೆಕೆಂಡ್ ಸುಮಾರು 10 ಸೆಕೆಂಡಿಗೆ ಇಳಿಯುತ್ತದೆ. ಗ್ರಾಪ್ಪದಲ್ಲಿ ಹೊಂದಾಣಿಕೆಗೆ ಬೇಕಾದ ಸಾಲುಗಳನ್ನು ಪ್ರತಿ ಹಂತದಲ್ಲೂ ಅಳೆಯುವಂತಿದ್ದರೆ ಅದಕ್ಕೆ ಒಂದೆರಡು ಸೆಕೆಂಡ್ ಸೇರುತ್ತದೆ.

ಬೆಲೆಯ ವಿಚಾರವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಕಡಿಮೆ ಸಾಲುಗಳನ್ನು ಅಳೆದದ್ದಕ್ಕೆ ಸಿಗ್ನಲ್-ನಾಯ್ಸ್ ಅನುಪಾತ ವೇಗವರ್ಧನೆಯ ವರ್ಗಮೂಲದಷ್ಟು ಕುಗ್ಗುತ್ತದೆ. ಅದರ ಮೇಲೆ ಜಿ-ಫ್ಯಾಕ್ಟರ್ ಎಂಬ ಇನ್ನೊಂದು ಹೊರೆ ಬೀಳುತ್ತದೆ. ಜಿ-ಫ್ಯಾಕ್ಟರ್ ಚಿತ್ರದಲ್ಲೆಲ್ಲ ಒಂದೇ ಆಗಿರುವುದಿಲ್ಲ. ಕಾಯಿಲ್ ಅಂಶಗಳಿಗೆ ಹತ್ತಿರವಿರುವ ಹೊರಭಾಗದಲ್ಲಿ ಕಡಿಮೆ, ಎಲ್ಲ ಅಂಶಗಳಿಂದಲೂ ದೂರವಾದ ತಲೆಯ ನಡುಭಾಗದಲ್ಲಿ ಹೆಚ್ಚು. ಪಿಟ್ಯುಟರಿ ಇರುವುದು ಆ ನಡುಭಾಗದಲ್ಲೇ. ಉದಾಹರಣೆಗೆ ವೇಗವರ್ಧನೆ 2, ಗ್ರಂಥಿಯ ಜಾಗದಲ್ಲಿ ಜಿ-ಫ್ಯಾಕ್ಟರ್ 1.2 ಇದ್ದರೆ 100 ಇದ್ದ ಅನುಪಾತ ಸುಮಾರು 59ಕ್ಕೆ ಇಳಿಯುತ್ತದೆ. ವೇಗವರ್ಧನೆ 3 ಮಾಡಿ ಜಿ-ಫ್ಯಾಕ್ಟರ್ 1.6ಕ್ಕೆ ಏರಿದರೆ ಉಳಿಯುವುದು 36 ಮಾತ್ರ. ಆಗಲೂ ಮಿದುಳಿನ ಹೊರಪದರ ಚೊಕ್ಕಟವಾಗಿಯೇ ಕಾಣುತ್ತಿರುತ್ತದೆ. ಚಿತ್ರವನ್ನು ಒಟ್ಟಾರೆಯಾಗಿ ನೋಡಿ ಚೆನ್ನಾಗಿದೆ ಎಂದು ಒಪ್ಪಿಕೊಂಡವರು ನಡುವೆ, ಬೇಕಾದ ಜಾಗದಲ್ಲೇ, ಕಾಳು ಕಾಳಾಗಿ ಹರಡಿದ ನಾಯ್ಸನ್ನು ಗಮನಿಸದೆ ಹೋಗುವ ಅಪಾಯವಿದೆ.

ಹೀಗಾಗಿ ಎರಡು ಆಯಾಮದ ಕೊರೋನಲ್ ಡೈನಾಮಿಕ್‌ಗೆ ವೇಗವರ್ಧನೆ 2ರಲ್ಲಿ ನಿಲ್ಲುವುದು ಒಳ್ಳೆಯದು. ತಲೆಯ ಕಾಯಿಲ್‌ನ ಅಂಶಗಳು ಹೆಚ್ಚಾಗಿ ತಲೆಯ ಸುತ್ತ ಉಂಗುರದಂತೆ ಜೋಡಣೆಯಾಗಿರುವುದರಿಂದ ತಲೆ-ಕಾಲು ದಿಕ್ಕಿನಲ್ಲಿ ಅವು ಕೊಡುವ ನೆರವು ಎಡ-ಬಲ ದಿಕ್ಕಿಗಿಂತ ಕಡಿಮೆ. ನಾವು ಫೇಸ್ ದಿಕ್ಕನ್ನು ತಲೆ-ಕಾಲಿಗೆ ಇಟ್ಟಿರುವುದರಿಂದ ಈ ಮಿತಿ ಇನ್ನೂ ಬಿಗಿಯಾಗುತ್ತದೆ. ಸೆನ್ಸ್ ಬಳಸುವಾಗ ಚಿತ್ರದ ವ್ಯಾಪ್ತಿಯು ತಲೆಗಿಂತ ಚಿಕ್ಕದಾಗಿದ್ದರೆ ಮಡಚಿಕೊಂಡ ಭಾಗದ ಅವಶೇಷ ಚಿತ್ರದ ಮಧ್ಯದಲ್ಲೇ ಮೂಡುತ್ತದೆ ಎಂಬುದನ್ನೂ ನೆನಪಿಡಬೇಕು, ಆದ್ದರಿಂದ ಓವರ್‌ಸ್ಯಾಂಪ್ಲಿಂಗ್ ಮತ್ತು ಸೆನ್ಸ್ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. 1.5 ಟೆಸ್ಲಾದಿಂದ 3 ಟೆಸ್ಲಾಕ್ಕೆ ಹೋದರೆ ಸಿಗುವ ಹೆಚ್ಚುವರಿ ಸಿಗ್ನಲನ್ನು ಈ ಬೆಲೆ ತೆರಲು ಬಳಸಿಕೊಳ್ಳಬಹುದು. ಎರಡು ಬಗೆಯ ಯಂತ್ರಗಳೂ ಇರುವ ಕಡೆ ಕುಶಿಂಗ್ ಶಂಕೆಯ ರೋಗಿಗಳಿಗೆ 3 ಟೆಸ್ಲಾ ಮೀಸಲಿಡುವುದು ಸರಿಯಾದ ನಿರ್ಧಾರ.

ಮೂರು ಆಯಾಮ, ಕಂಪ್ರೆಸ್ಡ್ ಸೆನ್ಸಿಂಗ್, ರೇಡಿಯಲ್ ವಿಧಾನ

ಸ್ಲೈಸ್‌ಗಳ ಬದಲು ಇಡೀ ಘನವನ್ನೇ ಒಟ್ಟಿಗೆ ಅಳೆಯುವ ಮೂರು ಆಯಾಮದ ಗ್ರೇಡಿಯಂಟ್ ಎಕೋದಲ್ಲಿ ಎರಡು ದಿಕ್ಕುಗಳಲ್ಲಿ ಸಾಲುಗಳನ್ನು ಬಿಡಬಹುದು. ಟಿಆರ್ 5 ಮಿಲಿಸೆಕೆಂಡ್, ಸಾಲುಗಳು 192, ಪದರಗಳು 32 ಆದರೆ ಪೂರ್ತಿ ಅಳೆಯಲು 30.7 ಸೆಕೆಂಡ್ ಬೇಕು. ಎರಡೂ ದಿಕ್ಕಿನಲ್ಲಿ 2ರಂತೆ ವೇಗ ಹೆಚ್ಚಿಸಿದರೆ ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ, 1 ಮಿ.ಮೀ. ದಪ್ಪದ ಪದರಗಳೂ ಸಿಗುತ್ತವೆ. ಒಂದು ದಿಕ್ಕಿನಲ್ಲೇ 4 ಮಾಡುವುದಕ್ಕಿಂತ ಎರಡಕ್ಕೆ ಹಂಚಿದಾಗ ಜಿ-ಫ್ಯಾಕ್ಟರ್ ಹೊರೆ ಕಡಿಮೆ. ಆದರೆ ಗ್ರೇಡಿಯಂಟ್ ಎಕೋ ಸ್ಫೀನಾಯ್ಡ್ ಗಾಳಿಯ ಪಕ್ಕದಲ್ಲಿ ಸಿಗ್ನಲ್ ಕಳೆದುಕೊಂಡು ಗ್ರಂಥಿಯ ತಳವನ್ನು ತಿರುಚಿ ತೋರಿಸಬಲ್ಲದು. ಟಿಇ (ತುಡಿತದಿಂದ ಸಿಗ್ನಲ್ ಓದುವವರೆಗಿನ ಸಮಯ) ಆದಷ್ಟು ಕಡಿಮೆ, ಬ್ಯಾಂಡ್‌ವಿಡ್ತ್ ಹೆಚ್ಚು, ಬಿಂದುಗಳು ಮೂರೂ ದಿಕ್ಕಿನಲ್ಲಿ ಸಣ್ಣವು ಇದ್ದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ.

2007ರ ಸುಮಾರಿಗೆ ಎಂಆರ್‌ಐಗೆ ಬಂದ ಕಂಪ್ರೆಸ್ಡ್ ಸೆನ್ಸಿಂಗ್, ಸಾಲುಗಳನ್ನು ಕ್ರಮವಿಲ್ಲದೆ ಬಿಟ್ಟಾಗ ಉಂಟಾಗುವ ದೋಷ ನಾಯ್ಸಿನಂತೆ ಚದುರಿಹೋಗುತ್ತದೆ, ಅದನ್ನು ಮತ್ತೆ ಮತ್ತೆ ಸೋಸಿ ತೆಗೆಯಬಹುದು ಎಂಬ ವಿಚಾರದ ಮೇಲೆ ನಿಂತಿದೆ. ಹೀಗೆ ಬಿಡಲು ಎರಡು ಫೇಸ್ ದಿಕ್ಕುಗಳಿರುವ ಮೂರು ಆಯಾಮದ ಸ್ಕ್ಯಾನಿನಲ್ಲಿ, ಅದರಲ್ಲೂ ಸಮಯದ ಸರಣಿ ಸೇರಿದಾಗ, ಇದರ ಲಾಭ ಹೆಚ್ಚು. ಸೋಸುವಿಕೆಯ ಬಲವನ್ನು ಅತಿಯಾಗಿ ಇಟ್ಟರೆ ಚಿತ್ರವು ಮೇಣದಂತೆ ನುಣುಪಾಗುತ್ತದೆ. ಮಂದ ವ್ಯತ್ಯಾಸದ ಪುಟ್ಟ ಗಡ್ಡೆ ಮೊದಲು ಅಳಿಸಿಹೋಗುವುದು ಆಗಲೇ. ಕಣ್ಣಿಗೆ ಸ್ವಲ್ಪ ಒರಟಾಗಿ ಕಂಡರೂ ಮಧ್ಯಮ ಮಟ್ಟದಲ್ಲಿ ನಿಲ್ಲಿಸುವುದೇ ಕ್ಷೇಮ. ಸುವರ್ಣ ಕೋನದಲ್ಲಿ ತಿರುಗುತ್ತಾ ರೇಡಿಯಲ್ ಗೆರೆಗಳನ್ನು ಎಡೆಬಿಡದೆ ಅಳೆಯುವ ಗ್ರಾಸ್ಪ್ ವಿಧಾನದಲ್ಲಿ ಇನ್ನೊಂದು ಅನುಕೂಲವಿದೆ: ಒಂದು ಹಂತಕ್ಕೆ ಎಷ್ಟು ಸೆಕೆಂಡ್ ಎಂಬುದನ್ನು ಸ್ಕ್ಯಾನ್ ಮುಗಿದ ಮೇಲೂ ಬದಲಿಸಿ ಚಿತ್ರ ಕಟ್ಟಿಕೊಳ್ಳಬಹುದು, ಸಣ್ಣ ಅಲುಗಾಟವನ್ನೂ ಅದು ಸಹಿಸಿಕೊಳ್ಳುತ್ತದೆ.

ಕೆ-ಸ್ಪೇಸಿನ (ಚಿತ್ರ ಕಟ್ಟುವ ಮುನ್ನ ಅಳೆದ ಸಾಲುಗಳೆಲ್ಲ ಸೇರುವ ಕೋಷ್ಟಕದ) ನಡುಭಾಗವನ್ನು ಮಾತ್ರ ಪದೇಪದೇ ಅಳೆದು ಅಂಚಿನ ಭಾಗವನ್ನು ಅಕ್ಕಪಕ್ಕದ ಹಂತಗಳಿಂದ ಎರವಲು ಪಡೆಯುವ ವಿಧಾನಗಳನ್ನು ರಕ್ತನಾಳಗಳ ಸ್ಕ್ಯಾನಿನಲ್ಲಿ ಬಳಸುತ್ತಾರೆ. ಪಿಟ್ಯುಟರಿಗೆ ಅವನ್ನು ತರುವಾಗ ನನಗೆ ಹಿಂಜರಿಕೆಯಿದೆ. ನಡುಭಾಗದಲ್ಲಿ ಒಟ್ಟಾರೆ ಹೊಳಪು, ಅಂಚಿನಲ್ಲಿ ಸೂಕ್ಷ್ಮ ವಿವರ ಇರುತ್ತವೆ, 3 ಮಿ.ಮೀ. ಗಡ್ಡೆಯ ಅಂಚು ಸೂಕ್ಷ್ಮ ವಿವರಕ್ಕೆ ಸೇರಿದ್ದು. ಪರದೆಯಲ್ಲಿ 5 ಸೆಕೆಂಡ್ ಎಂದು ಬರೆದಿದ್ದರೂ ಗಡ್ಡೆಯ ಗಡಿ 20 ಸೆಕೆಂಡುಗಳ ಮಿಶ್ರಣವಾಗಿರಬಹುದು. ಹೇಗಿದ್ದರೂ ಮೈಕ್ರೋಅಡಿನೋಮಾ ಹುಡುಕಲು ಒಂದು ಹಂತಕ್ಕೆ 10ರಿಂದ 15 ಸೆಕೆಂಡ್ ಸಾಕು. ಅದಕ್ಕಿಂತ ವೇಗ ಸಾಧ್ಯವಾದರೆ ಆ ಉಳಿತಾಯವನ್ನು ತೆಳುವಾದ ಸ್ಲೈಸಿಗೋ ಸಣ್ಣ ಬಿಂದುವಿಗೋ ಖರ್ಚು ಮಾಡುವುದು ಜಾಣತನ.

ಡೀಪ್ ಲರ್ನಿಂಗ್ ಆಧಾರಿತ ಪುನರ್ನಿರ್ಮಾಣ ಈಗ ಹಲವು ಯಂತ್ರಗಳಲ್ಲಿ ಸಿಗುತ್ತದೆ, ನಡುಭಾಗದ ನಾಯ್ಸನ್ನು ಅದು ನಿಜಕ್ಕೂ ಚೆನ್ನಾಗಿ ತಗ್ಗಿಸುತ್ತದೆ. ಕಂಪ್ರೆಸ್ಡ್ ಸೆನ್ಸಿಂಗಿಗೆ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಇದರ ಚಿತ್ರ ಎಂದೂ ಕೆಟ್ಟದಾಗಿ ಕಾಣುವುದಿಲ್ಲ, ಆದ್ದರಿಂದ ಅಳತೆ ಮೀರಿ ಸಾಲುಗಳನ್ನು ಬಿಟ್ಟಿದ್ದೇವೆ ಎಂಬ ಸೂಚನೆ ಕಣ್ಣಿಗೆ ಸಿಗುವುದೂ ಇಲ್ಲ.

ಔಷಧ ಕೊಡುವ ಸಮಯ

ಒಂದು ಹಂತವನ್ನು 10 ಸೆಕೆಂಡಿಗೆ ಇಳಿಸಿ, ಔಷಧವನ್ನು ಕೈಯಿಂದ ನಿಧಾನವಾಗಿ 20 ಸೆಕೆಂಡ್ ತಳ್ಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. 60 ಕಿಲೋ ತೂಕದವರಿಗೆ ಕಿಲೋಗೆ 0.1 ಮಿಲಿಮೋಲ್ ಪ್ರಮಾಣದಲ್ಲಿ, ಲೀಟರಿಗೆ 0.5 ಮೋಲ್ ಸಾಂದ್ರತೆಯ ಔಷಧ 12 ಮಿ.ಲೀ. ಆಗುತ್ತದೆ, ಇಂಜೆಕ್ಟರಿನಿಂದ ಸೆಕೆಂಡಿಗೆ 2 ಮಿ.ಲೀ.ನಂತೆ ಕೊಟ್ಟರೆ 6 ಸೆಕೆಂಡ್. ಅದರ ಹಿಂದೆಯೇ ಅದೇ ವೇಗದಲ್ಲಿ 20 ಮಿ.ಲೀ. ಸಲೈನ್ ಹೋಗಬೇಕು, ಇಲ್ಲದಿದ್ದರೆ ಟ್ಯೂಬಿನಲ್ಲೇ ಉಳಿದ ಔಷಧ ತಡವಾಗಿ ಸೇರಿ ಹೀರುವಿಕೆಯ ಚಿತ್ರಣವನ್ನು ಕಲಸಿಬಿಡುತ್ತದೆ. ಡೈನಾಮಿಕ್ ಪಿಟ್ಯುಟರಿಗೆ ಅರ್ಧ ಪ್ರಮಾಣ ಸಾಕೆಂದು ಬಳಸುವ ಕೇಂದ್ರಗಳೂ ಇವೆ. ಪ್ರಮಾಣವನ್ನು ತೀರ್ಮಾನಿಸಬೇಕಾದವರು ರೇಡಿಯಾಲಜಿಸ್ಟ್.

ಸರಣಿಯ ಮೊದಲ ಹಂತ ಔಷಧವಿಲ್ಲದೆ ಮುಗಿಯಲಿ, ಎರಡನೆಯದು ಆರಂಭವಾಗುವಾಗ ಇಂಜೆಕ್ಟರ್ ಒತ್ತಿ, ಒಟ್ಟು ಎರಡರಿಂದ ಮೂರು ನಿಮಿಷ ಎಡೆಬಿಡದೆ ಸರಣಿ ನಡೆಯಲಿ. ಹಂತಗಳ ಸಮಯವನ್ನು ಗುರುತಿಸುವಾಗ ಕೆ-ಸ್ಪೇಸಿನ ನಡುಭಾಗ ಅಳತೆಯಾದ ಕ್ಷಣವನ್ನು ಲೆಕ್ಕಕ್ಕೆ ಹಿಡಿಯಬೇಕು. 15 ಸೆಕೆಂಡಿನ ಹಂತದಲ್ಲಿ ಅದು ಮೊದಲ ಸೆಕೆಂಡಿನಲ್ಲೂ ಇರಬಹುದು, ಎಂಟನೆಯದರಲ್ಲೂ ಇರಬಹುದು. ಸಾಲುಗಳನ್ನು ಅಳೆಯುವ ಕ್ರಮ ಯಾವುದೆಂದು ನೋಡಿದರೆ ತಿಳಿಯುತ್ತದೆ.

ರೂಢಿಗೆ ತರುವ ಮುನ್ನ

ಹೊಸ ಸೀಕ್ವೆನ್ಸಿನ ನಾಯ್ಸನ್ನು ಚಿತ್ರದ ಹೊರಗಿನ ಕಪ್ಪು ಹಿನ್ನೆಲೆಯಲ್ಲಿ ಅಳೆಯಬಾರದು, ಏಕೆಂದರೆ ಪ್ಯಾರಲಲ್ ಇಮೇಜಿಂಗಿನಲ್ಲಿ ನಾಯ್ಸ್ ಎಲ್ಲ ಕಡೆ ಸಮನಾಗಿರುವುದಿಲ್ಲ. ಒಂದೇ ಸೀಕ್ವೆನ್ಸನ್ನು ಬೆನ್ನುಬೆನ್ನಿಗೆ ಎರಡು ಸಲ, ಔಷಧವಿಲ್ಲದೆ, ಫ್ಯಾಂಟಮ್ (ಪರೀಕ್ಷೆಗೆ ಬಳಸುವ ಕೃತಕ ಮಾದರಿ) ಅಥವಾ ಸ್ವಯಂಸೇವಕರ ಮೇಲೆ ನಡೆಸಿ, ಒಂದರಿಂದ ಇನ್ನೊಂದನ್ನು ಕಳೆದು, ಗ್ರಂಥಿಯ ಜಾಗದಲ್ಲೇ ಉಳಿದ ಏರಿಳಿತದ ಪ್ರಮಾಣಿತ ವಿಚಲನೆಯನ್ನು 2ರ ವರ್ಗಮೂಲದಿಂದ ಭಾಗಿಸಿದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ. ಕಂಪ್ರೆಸ್ಡ್ ಸೆನ್ಸಿಂಗ್ ಮತ್ತು ಡೀಪ್ ಲರ್ನಿಂಗ್ ಚಿತ್ರಗಳಿಗೆ ಈ ಅಳತೆಯೊಂದೇ ಸಾಲದು. ನುಣುಪು ಮಾಡಿದ ಚಿತ್ರದಲ್ಲಿ ನಾಯ್ಸ್ ಕಡಿಮೆ ಬರುವುದು ಸಹಜವೇ ಆದ್ದರಿಂದ ಸೂಕ್ಷ್ಮ ಗೆರೆಗಳುಳ್ಳ ಫ್ಯಾಂಟಮ್ ಮೇಲೆ ವಿವರ ಉಳಿದಿದೆಯೇ ಎಂದೂ ನೋಡಬೇಕು.

ರೋಗಿಗಳ ಸರಣಿ ಬಂದ ಮೇಲೆ ಗ್ರಂಥಿಯ ತೊಟ್ಟು, ಗ್ರಂಥಿಯ ಎಡಭಾಗ, ಬಲಭಾಗ ಈ ಮೂರು ಕಡೆ ಹೊಳಪು ಸಮಯದೊಂದಿಗೆ ಏರುವ ಗೆರೆ ಎಳೆದು ನೋಡಿ. ತೊಟ್ಟಿನ ಗೆರೆ ಗ್ರಂಥಿಯ ಮುಂಭಾಗಕ್ಕಿಂತ ಮೊದಲು ಕಡಿದಾಗಿ ಏರಬೇಕು. ಎರಡೂ ಒಟ್ಟೊಟ್ಟಿಗೆ ಮೆಲ್ಲಗೆ ಏರುತ್ತಿದ್ದರೆ ಔಷಧ ನಿಧಾನವಾಗಿ ಹೋಗಿದೆ, ಅಥವಾ ಪುನರ್ನಿರ್ಮಾಣವು ಒಂದು ಹಂತದ ಹೊಳಪನ್ನು ಇನ್ನೊಂದಕ್ಕೆ ಬೆರೆಸುತ್ತಿದೆ. ಮೊದಲನೆಯದನ್ನು ಇಂಜೆಕ್ಟರಿನ ದಾಖಲೆಯಲ್ಲಿ ಪರಿಶೀಲಿಸಬಹುದು, ಎರಡನೆಯದಕ್ಕೆ ಸೋಸುವಿಕೆಯ ಬಲವನ್ನು ಒಂದು ಮೆಟ್ಟಿಲು ಇಳಿಸಿ ಅದೇ ದತ್ತಾಂಶದಿಂದ ಚಿತ್ರವನ್ನು ಮತ್ತೆ ಕಟ್ಟಬೇಕು. ಇದಕ್ಕಾಗಿ ಮೊದಲ ಕೆಲವು ವಾರ ಕಚ್ಚಾ ದತ್ತಾಂಶವನ್ನು ಅಳಿಸದೆ ಇಟ್ಟುಕೊಳ್ಳಿ, ಹಳೆಯ ಸೀಕ್ವೆನ್ಸನ್ನೂ ಪ್ರೋಟೋಕಾಲ್ ಪಟ್ಟಿಯಲ್ಲಿ ಹಾಗೆಯೇ ಉಳಿಸಿರಿ.